ಖಾಲಿ ಸೀಟಿನ ದುಡ್ಡು ಯಾರು ಕೊಡ್ತಾರೆ? ಪ್ಲೇಗಿನಿಂದ ಕೊರೊನಾದವರೆಗೆ ಮುಂಬೈ ಬಸ್ಸಿನ ಕಥೆ

ಈ ವಾರದ ವಿಡಿಯೋದ ಮಾತುಗಳನ್ನ ಸ್ವಲ್ಪ ತಿದ್ದಿ ಇಲ್ಲಿ ಹಾಕ್ತಿದ್ದೀನಿ. ಇಪ್ಪತ್ತು ನಿಮಿಷ ನನ್ನ ಮುಖ ನೋಡೋ ತಾಳ್ಮೆ ಇಲ್ಲದೋರು ಇದನ್ನ ಓದಿದ್ರೂ ಸಾಕು.

2020ರ ಏಪ್ರಿಲ್ ತಿಂಗಳಿಂದ ಶುರು ಮಾಡ್ತೀನಿ. ಆಗ ನಾನು ವಡಾಲಾದಲ್ಲಿ ಮೂರನೇ ಮಹಡಿಯ ಒಂದು ಬಾಡಿಗೆ ಮನೆಯಲ್ಲಿದ್ದೆ. ಬೆಳಿಗ್ಗೆ ಒಂಬತ್ತೂವರೆಗೆ ಸ್ಟ್ಯಾಂಡಪ್ ಕಾಲ್. ಲ್ಯಾಪ್‌ಟಾಪ್ ಹಿಡ್ಕೊಂಡು ಬಾಲ್ಕನಿಗೆ ಬಂದ್ರೆ ಕೆಳಗೆ ರಸ್ತೆ ಪೂರ್ತಿ ಖಾಲಿ. ನಾಯಿ ಕೂಡ ನಡುರಸ್ತೆಯಲ್ಲಿ ಮಲಗಿರೋದು. ಆ ರಸ್ತೆಯಲ್ಲಿ ಅರ್ಧ ಗಂಟೆಗೊಮ್ಮೆ ಒಂದು ಕೆಂಪು ಬಸ್ ಹೋಗ್ತಿತ್ತು. ಒಳಗೆ ಆರೋ ಎಂಟೋ ಜನ. ಮಾಸ್ಕ್ ಹಾಕಿದ ನರ್ಸ್‌ಗಳು, ಪಾಲಿಕೆಯ ಕಸ ತೆಗೆಯೋರು, ಒಬ್ಬ ಪೊಲೀಸಪ್ಪ.

ನಮ್ಮ ಕಟ್ಟಡದ ನೆಲಮಹಡಿಯಲ್ಲಿ ಒಬ್ಬರು ಬೆಸ್ಟ್ ಕಂಡಕ್ಟರ್ ಇದ್ದರು. ಅಕ್ಕಲಕೋಟೆ ಕಡೆಯವರು, ಮನೆಮಾತು ಕನ್ನಡ. ಇಡೀ ಕಟ್ಟಡಕ್ಕೆ ಅವರು ಕಾಕಾ. ನಾನು ತುಮಕೂರು ಕಡೆಯವನಾದ್ರೂ ಕಾಕಾ ಅಂತಲೇ ಕರೀತಿದ್ದೆ. ಒಂದು ದಿನ ಹಾಲು ತರೋಕೆ ಇಳಿದಾಗ ಅವರು ಡ್ಯೂಟಿ ಮುಗಿಸಿ ಬಂದು ಹೊರಗಿನ ನಲ್ಲಿಯಲ್ಲಿ ಕೈಕಾಲು ತೊಳೀತಿದ್ರು. ನಾನು ದೊಡ್ಡ ಬುದ್ಧಿವಂತನ ಹಾಗೆ ಕೇಳಿದೆ, "ಕಾಕಾ, ಇಷ್ಟು ಖಾಲಿ ಬಸ್ ಓಡಿಸಿದ್ರೆ ಲಾಸ್ ಅಲ್ವಾ?"

ಅವರು ಟವೆಲ್ಲಿನಿಂದ ಮುಖ ಒರೆಸಿಕೊಂಡು ಅಂದ್ರು, "ಖಾಲಿ ಎಲ್ಲೈತ್ರಿ ಸರ? ಇವತ್ತ ನನ್ನ ಗಾಡ್ಯಾಗ ಆರು ನರ್ಸಮ್ಮಗೋಳು ಬಂದ್ರು. ಆ ಆರು ಮಂದಿ ದವಾಖಾನಿ ಮುಟ್ಟಲಿಲ್ಲಂದ್ರ ಎಷ್ಟು ಹಾಸಿಗಿ ಖಾಲಿ ಆಗ್ತಾವ, ಅದರ ಲೆಕ್ಕಾ ಹಾಕ್ರಿ."

ಆ ಮಾತು ನನ್ನ ತಲೆಯಿಂದ ಹೋಗಲೇ ಇಲ್ಲ. ಬಸ್ಸಿನ ಲಾಭ-ನಷ್ಟದ ಲೆಕ್ಕವನ್ನ ಟಿಕೆಟ್ ಪೆಟ್ಟಿಗೆಯಲ್ಲಿ ಹಾಕಬೇಕಾ, ಆಸ್ಪತ್ರೆಯ ವಾರ್ಡಿನಲ್ಲಿ ಹಾಕಬೇಕಾ? ಕೊರೊನಾ ಬಂದಾಗ ನಮ್ಮ ನಗರಗಳ ಸಾರಿಗೆ ಸಂಸ್ಥೆಗಳು ಕುಸಿದದ್ದು ಯಾಕೆ ಅಂತ ಹುಡುಕ್ತಾ ಹೋದರೆ ಕೊನೆಗೆ ಈ ಪ್ರಶ್ನೆಗೇ ಬಂದು ನಿಲ್ತೀವಿ. ಇದು 2020ರ ಪ್ರಶ್ನೆಯೂ ಅಲ್ಲ. ಬಹಳ ಹಳೇದು. ಹಾಗಾಗಿ ಸ್ವಲ್ಪ ಹಿಂದಕ್ಕೆ ಹೋಗೋಣ.

ಕುದುರೆ ಟ್ರಾಮು, ಮೂರಾಣೆ

ಮುಂಬೈಯಲ್ಲಿ ಮೊದಲ ಟ್ರಾಮು ಓಡಿದ್ದು 1874ರ ಮೇ 9ರಂದು. ಕುದುರೆ ಎಳೆಯೋ ಟ್ರಾಮು. ಕೊಲಾಬಾದಿಂದ ಕ್ರಾಫರ್ಡ್ ಮಾರ್ಕೆಟ್ ಮೇಲೆ ಪೈಧೋನಿಗೆ ಒಂದು ದಾರಿ, ಬೋರಿ ಬಂದರಿನಿಂದ ಕಾಲ್ಬಾದೇವಿ ಮೇಲೆ ಪೈಧೋನಿಗೆ ಇನ್ನೊಂದು. ಕೊಲಾಬಾದಿಂದ ಪೈಧೋನಿಗೆ ಮೂರಾಣೆ. ಮೊದಮೊದಲು ಟಿಕೆಟ್ ಅನ್ನೋದೇ ಇರಲಿಲ್ಲ, ದುಡ್ಡು ಕೊಟ್ಟು ಕೂರೋದು ಅಷ್ಟೇ. ನಡೆಸ್ತಿದ್ದದ್ದು ಖಾಸಗಿ ಕಂಪನಿ. ಲಾಭ ಬರೋ ಬೀದಿಯಲ್ಲಿ ಹಳಿ ಹಾಕ್ತಿತ್ತು. ಅದರಲ್ಲಿ ತಪ್ಪೇನಿಲ್ಲ, ಕಂಪನಿ ಇರೋದೇ ಅದಕ್ಕೆ.

1896ರ ಸೆಪ್ಟೆಂಬರಿನಲ್ಲಿ ಮಾಂಡ್ವಿ ಬಂದರಿನ ಹತ್ತಿರ ಡಾಕ್ಟರ್ ಅಕಾಸಿಯೋ ವಿಗಾಸ್ ಅವರು ಪ್ಲೇಗನ್ನ ಗುರುತಿಸಿದರು. ಕೆಲವೇ ತಿಂಗಳಲ್ಲಿ ಲಕ್ಷಾಂತರ ಜನ ಊರು ಬಿಟ್ಟರು. 2020ರಲ್ಲಿ ನಾವು ಹೆದ್ದಾರಿಯಲ್ಲಿ ಗಂಟು ಹೊತ್ತು ನಡೆದವರನ್ನ ನೋಡಿದ್ವಲ್ಲ, ಆಗಲೂ ಜನ ಹೀಗೇ ಊರ ದಾರಿ ಹಿಡಿದಿದ್ದರು. ವ್ಯತ್ಯಾಸ ಏನಂದ್ರೆ, ಆಗ ರೈಲು ಓಡ್ತಿತ್ತು. ರೈಲಿನ ಜೊತೆ ರೋಗವೂ ಓಡಿತು. 1898ರ ಆಗಸ್ಟಿನ ಹೊತ್ತಿಗೆ ಬೆಂಗಳೂರಿಗೇ ಬಂತು. 1897ರ ಫೆಬ್ರವರಿಯಲ್ಲಿ ಬ್ರಿಟಿಷ್ ಸರ್ಕಾರ ಸಾಂಕ್ರಾಮಿಕ ರೋಗಗಳ ಕಾಯ್ದೆ ತಂದಿತು. 2020ರ ಮಾರ್ಚ್‌ನಲ್ಲಿ ನಮ್ಮ ರಾಜ್ಯಗಳು ಕೈಗೆತ್ತಿಕೊಂಡದ್ದೂ ಅದೇ 123 ವರ್ಷದ ಕಾಯ್ದೆಯನ್ನ.

ಪ್ಲೇಗಿನಿಂದ ನಗರಕ್ಕೆ ಒಂದು ಪಾಠ ಸಿಕ್ತು. ಜನ ಹೀಗೆ ಒಬ್ಬರ ಮೇಲೊಬ್ಬರು ಬಿದ್ದು ಇರಬಾರದು, ಊರು ಅಗಲ ಆಗಬೇಕು. 1898ರಲ್ಲಿ ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟ್ ಹುಟ್ಟಿತು. ಹಳೇ ಓಣಿಗಳನ್ನ ಒಡೆದು ಅಗಲ ರಸ್ತೆ ಮಾಡಿತು. ಉತ್ತರಕ್ಕೆ ದಾದರ್, ಮಾಟುಂಗಾ, ವಡಾಲಾ, ಸಾಯನ್ ಕಡೆ ಹೊಸ ಬಡಾವಣೆಗಳ ನಕ್ಷೆ ಹಾಕಿತು. ಬೆಂಗಳೂರಿನಲ್ಲೂ ಮಲ್ಲೇಶ್ವರ, ಬಸವನಗುಡಿಗೆ ಜೀವ ಬಂದದ್ದು ಪ್ಲೇಗಿನ ಭಯದಿಂದಲೇ. ಅಂದರೆ ಮೈಸೂರು ಅಸೋಸಿಯೇಷನ್ ಇರೋ, ಉಡುಪಿ ಹೋಟೆಲಿನ ಸಾಂಬಾರಿನ ಘಮ ಬರೋ, ಮುಂಬೈ ಕನ್ನಡಿಗರು ನಮ್ಮದು ಅಂದುಕೊಂಡಿರೋ ಮಾಟುಂಗಾ ಕೂಡ ಒಂದು ರೀತಿಯಲ್ಲಿ ಮಲ್ಲೇಶ್ವರದ ತಂಗಿಯೇ.

ಊರು ಅಗಲ ಆದ್ರೆ ಏನಾಗುತ್ತೆ? ಮನೆ ಒಂದು ಕಡೆ, ಕೆಲಸ ಇನ್ನೊಂದು ಕಡೆ. ನಡೆದು ಹೋಗೋಕೆ ಆಗಲ್ಲ. ಕುದುರೆಗೂ ಆಗಲ್ಲ. 1905ರಲ್ಲಿ ಬಾಂಬೆ ಎಲೆಕ್ಟ್ರಿಕ್ ಸಪ್ಲೈ ಅಂಡ್ ಟ್ರಾಮ್‌ವೇಸ್ ಕಂಪನಿ ಬಂತು. 1907ರ ಮೇ ತಿಂಗಳಲ್ಲಿ ಮೊದಲ ವಿದ್ಯುತ್ ಟ್ರಾಮು ಓಡಿತು. 1926ರ ಜುಲೈ 15ಕ್ಕೆ ಅಫ್ಘನ್ ಚರ್ಚಿನಿಂದ ಕ್ರಾಫರ್ಡ್ ಮಾರ್ಕೆಟ್‌ಗೆ ಮೊದಲ ಬಸ್ಸು ಹೊರಟಿತು. ಪ್ಲೇಗು ಜನರನ್ನ ದೂರ ದೂರ ಕೂರಿಸಿತು, ಟ್ರಾಮು ಬಸ್ಸು ಅವರನ್ನ ಮತ್ತೆ ಸೇರಿಸಿದವು.

ಕರೆಂಟು ಸಂಪಾದಿಸಿತು, ಬಸ್ಸು ಓಡಿತು

ಆ ಕಂಪನಿಯ ಹೆಸರು ಇನ್ನೊಮ್ಮೆ ಓದಿ. ಮೊದಲು ವಿದ್ಯುತ್, ಆಮೇಲೆ ಸಾರಿಗೆ. 1947ರ ಆಗಸ್ಟ್ 7ರಂದು, ಸ್ವಾತಂತ್ರ್ಯಕ್ಕೆ ಎಂಟು ದಿನ ಇರುವಾಗ, ಮುಂಬೈ ಪಾಲಿಕೆ ಈ ಕಂಪನಿಯನ್ನ ವಹಿಸಿಕೊಂಡಿತು. ಅದೇ ಇವತ್ತಿನ ಬೆಸ್ಟ್. ಇದು ದ್ವೀಪನಗರದ ಸುಮಾರು ಹತ್ತು ಲಕ್ಷ ಗ್ರಾಹಕರಿಗೆ ಕರೆಂಟು ಕೊಡುತ್ತೆ, ಇಡೀ ಮುಂಬೈಗೆ ಬಸ್ ಓಡಿಸುತ್ತೆ.

ಈ ಜೋಡಿಯಲ್ಲಿ ಒಂದು ಜಾಣತನ ಇತ್ತು. ಕರೆಂಟಿನ ಕಡೆ ಬರೋ ಲಾಭವನ್ನ ಬಸ್ಸಿನ ನಷ್ಟಕ್ಕೆ ಹಾಕೋದು. ಕೊಲಾಬಾದ ಅಂಗಡಿಯವನು ಕಟ್ಟಿದ ಕರೆಂಟ್ ಬಿಲ್ಲಿನ ಒಂದು ಪಾಲು ಗೋವಂಡಿಯ ಕೂಲಿಯವನ ಬಸ್ಸಿಗೆ ಹೋಗ್ತಿತ್ತು. ಯಾರೂ ಭಾಷಣ ಮಾಡದೆ, ಯೋಜನೆಗೆ ಹೆಸರಿಡದೆ ದಶಕಗಟ್ಟಲೆ ನಡೆದ ವ್ಯವಸ್ಥೆ ಇದು. ಖಾಲಿ ಸೀಟಿನ ದುಡ್ಡು ಯಾರು ಕೊಡ್ತಾರೆ ಅನ್ನೋದಕ್ಕೆ ಮುಂಬೈ ಹತ್ತಿರ ಆಗ ಒಂದು ಉತ್ತರ ಇತ್ತು.

2003ರ ವಿದ್ಯುತ್ ಕಾಯ್ದೆ ಬಂದ ಮೇಲೆ ಆ ಉತ್ತರ ಅಲುಗಾಡಿತು. ಕರೆಂಟಿನ ಗ್ರಾಹಕ ಬಸ್ಸಿನ ನಷ್ಟವನ್ನ ಯಾಕೆ ತುಂಬಬೇಕು ಅನ್ನೋ ಪ್ರಶ್ನೆ ಆಯೋಗದವರೆಗೂ ಕೋರ್ಟಿನವರೆಗೂ ಹೋಯಿತು. ಕಾನೂನಿನ ಕಣ್ಣಲ್ಲಿ ಅದು ನ್ಯಾಯವಾದ ಪ್ರಶ್ನೆಯೇ. ನಿಧಾನಕ್ಕೆ ಆ ದುಡ್ಡಿನ ದಾರಿ ಮುಚ್ಚಿತು, ಬೇರೆ ದಾರಿಯನ್ನ ಯಾರೂ ತೆರೆಯಲಿಲ್ಲ. 2010ರ ದಶಕದ ಆರಂಭದಲ್ಲಿ ಬೆಸ್ಟ್ ಹತ್ತಿರ ನಾಲ್ಕು ಸಾವಿರಕ್ಕೂ ಹೆಚ್ಚು ಬಸ್ಸಿದ್ದವು, ದಿನಕ್ಕೆ 40 ಲಕ್ಷಕ್ಕೂ ಹೆಚ್ಚು ಪ್ರಯಾಣಿಕರು. ದರ ಏರಿತು, ಬಸ್ ಕಡಿಮೆಯಾಯ್ತು, ಶೇರ್ ಆಟೋ ಬಂತು, ಆ್ಯಪ್ ಕ್ಯಾಬ್ ಬಂತು. 2019ರ ಹೊತ್ತಿಗೆ ಪ್ರಯಾಣಿಕರು ಅರ್ಧಕ್ಕೆ ಇಳಿದಿದ್ದರು. ಆ ವರ್ಷದ ಜನವರಿಯಲ್ಲಿ ಒಂಬತ್ತು ದಿನ ಮುಷ್ಕರ ಆಯ್ತು.

ಆಮೇಲೆ ಒಂದು ಧೈರ್ಯದ ಕೆಲಸ ನಡೀತು. 2019ರ ಜುಲೈ 9ರಿಂದ ಕನಿಷ್ಠ ದರ ಎಂಟು ರೂಪಾಯಿಯಿಂದ ಐದಕ್ಕೆ ಇಳೀತು. ಎಸಿ ಬಸ್ಸಿಗೆ ಆರು ರೂಪಾಯಿ. ಪಾಲಿಕೆ ದುಡ್ಡು ಕೊಟ್ಟಿತು. ಜೊತೆಗೆ ಖಾಸಗಿಯವರಿಂದ ಬಸ್ಸು-ಚಾಲಕ ಎರಡನ್ನೂ ಗುತ್ತಿಗೆಗೆ ಪಡೆಯೋ ಒಪ್ಪಂದವೂ ಬಂತು. ಜನ ವಾಪಸ್ ಬಂದ್ರು. ಕೆಲವೇ ತಿಂಗಳಲ್ಲಿ ದಿನದ ಪ್ರಯಾಣಿಕರ ಸಂಖ್ಯೆ 30 ಲಕ್ಷ ದಾಟಿತು. ಕಾಕಾ ಆಗ ಭಾರಿ ಖುಷಿಯಲ್ಲಿದ್ದರು. "ಮಂದಿ ಬಾಗಲಾಗ ಜೋತಾಡಾಕತ್ತಾರ್ರೀ" ಅಂತ.

ಇದೆಲ್ಲ ಆಗಿ ಎಂಟು ತಿಂಗಳಿಗೆ ಲಾಕ್‌ಡೌನ್.

ಲೋಕಲ್ ನಿಂತ ಊರಲ್ಲಿ

2020ರ ಮಾರ್ಚ್ 22ರ ರಾತ್ರಿ ಮುಂಬೈ ಲೋಕಲ್ ರೈಲು ನಿಂತಿತು. ದಿನಕ್ಕೆ 75 ಲಕ್ಷ ಜನರನ್ನ ಹೊರೋ ರೈಲು. ಮುಂಬೈಯಲ್ಲಿ ಇದ್ದೋರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಕೆಇಎಂ ಆಸ್ಪತ್ರೆಯ ಎಷ್ಟೋ ಸಿಬ್ಬಂದಿಯ ಮನೆ ಇರೋದು ಪರೇಲಿನಲ್ಲಲ್ಲ. ವಿರಾರ್, ಬದಲಾಪುರ, ಪನ್ವೇಲ್ ಅಂತ ಐವತ್ತು-ಅರವತ್ತು ಕಿಲೋಮೀಟರ್ ದೂರ. ಅವರನ್ನ ಕರೆತರೋಕೆ ಉಳಿದದ್ದು ಬಸ್ಸೊಂದೇ. ಊರೊಳಗೆ ಹತ್ತು ಕಿಲೋಮೀಟರ್ ಓಡ್ತಿದ್ದ ಬೆಸ್ಟ್ ಬಸ್ಸುಗಳು ಆ ದೂರದ ಊರುಗಳವರೆಗೆ ಹೋದವು. ಕೆಲವು ಮಿನಿ ಬಸ್ಸುಗಳನ್ನ ಆಂಬುಲೆನ್ಸ್ ಮಾಡಿದರು. ಮೇ ತಿಂಗಳಲ್ಲಿ ಕಾರ್ಮಿಕ ಸಂಘಟನೆಗಳು ರಕ್ಷಣೆ ಸಾಲದು, ಬಸ್ ನಿಲ್ಲಿಸೋಣ ಅಂತ ಕರೆ ಕೊಟ್ಟರೂ ಬಸ್ ನಿಲ್ಲಲಿಲ್ಲ. ಸಾವಿರಾರು ನೌಕರರಿಗೆ ಸೋಂಕು ತಗುಲಿತು. ಹಲವರು ತೀರಿಕೊಂಡರು.

ಜೂನ್ 8ಕ್ಕೆ ಬಸ್ ಎಲ್ಲರಿಗೂ ತೆರೆಯಿತು. ಆದ್ರೆ ಲೋಕಲ್ ತೆರೆಯಲಿಲ್ಲ. ಜೂನ್ 15ರಿಂದ ಅಗತ್ಯ ಸೇವೆಯವರಿಗೆ ಮಾತ್ರ, ಅಕ್ಟೋಬರ್ 21ರಿಂದ ಹೆಂಗಸರಿಗೆ ಗೊತ್ತುಮಾಡಿದ ಹೊತ್ತಿನಲ್ಲಿ, ಉಳಿದೋರಿಗೆ 2021ರ ಫೆಬ್ರವರಿ 1ರಿಂದ, ಅದೂ ಸಮಯದ ಕಟ್ಟುಪಾಡಿನಲ್ಲಿ. ಎರಡನೇ ಅಲೆ ಬಂದಾಗ ಮತ್ತೆ ಬಂದ್. ಎರಡು ಡೋಸ್ ಲಸಿಕೆ ಆದೋರಿಗೆ ಆಗಸ್ಟ್ 15ರಿಂದ ಬಿಟ್ಟರು. ಇಷ್ಟು ಕಾಲ ರೈಲಿನ ಭಾರ ಬಸ್ಸಿನ ತಲೆಮೇಲೆ.

ನಮ್ಮನೆಗೆ ಕೆಲಸಕ್ಕೆ ಬರ್ತಿದ್ದ ಮೌಶಿಯ ಮನೆ ಮಾನಖುರ್ದ್. ಹಾರ್ಬರ್ ಲೈನಿನಲ್ಲಿ ವಡಾಲಾಕ್ಕೆ ನೇರ ರೈಲು. ಆದ್ರೆ ಸರ್ಕಾರದ ಪಟ್ಟಿಯಲ್ಲಿ ಮೌಶಿಯ ಕೆಲಸ ಅಗತ್ಯ ಸೇವೆ ಅಲ್ಲ. ಹಾಗಾಗಿ ಎರಡು ಬಸ್ ಬದಲಿಸಿ, ಸಾಲಿನಲ್ಲಿ ನಿಂತು, ಬೆಳಿಗ್ಗೆ ಆರಕ್ಕೆ ಹೊರಟು ಎಂಟೂವರೆಗೆ ಬರೋರು. ಅವರು ಬಂದ ಮೇಲೆ ಚಹಾ ಕುಡಿದು ನಾನು "ವರ್ಕ್ ಫ್ರಮ್ ಹೋಮ್ ತುಂಬಾ ಸ್ಟ್ರೆಸ್" ಅಂತ ಕಾಲ್‌ನಲ್ಲಿ ಹೇಳ್ತಿದ್ದೆ. ಈಗ ನೆನೆಸಿಕೊಂಡ್ರೆ ನಾಚಿಕೆ ಆಗುತ್ತೆ.

ಈಗ ಆ ಬಸ್ಸಿನ ಲೆಕ್ಕ ನೋಡಿ. ಉದಾಹರಣೆಗೆ ನಲವತ್ತು ಸೀಟಿನ ಬಸ್ಸು, ನಿಂತೋರು ಇಪ್ಪತ್ತು, ಒಟ್ಟು ಅರವತ್ತು ಟಿಕೆಟ್ ಅಂತಿಟ್ಟುಕೊಳ್ಳಿ. ನಿಯಮ ಬಂತು: ಒಂದು ಸೀಟಿಗೆ ಒಬ್ಬರೇ, ನಿಂತೋರು ಐದೇ ಜನ. ಅಲ್ಲಿಗೆ ಇಪ್ಪತ್ತೈದು. ಚಾಲಕನ ಸಂಬಳ ಅಷ್ಟೇ, ಕಂಡಕ್ಟರ್ ಸಂಬಳ ಅಷ್ಟೇ, ಡೀಸೆಲ್ ಅಷ್ಟೇ. ಸ್ಯಾನಿಟೈಸರ್ ಖರ್ಚು ಹೆಚ್ಚುವರಿ. ಟಿಕೆಟ್ ಮಾತ್ರ ಐದು ರೂಪಾಯಿ. ಸಾಫ್ಟ್‌ವೇರ್ ಆದ್ರೆ ಬಳಸೋರು ಕಡಿಮೆಯಾದಾಗ ಸರ್ವರ್ ಕಡಿಮೆ ಮಾಡಬಹುದು. ಬಸ್ಸಿಗೆ ಅದು ನಡೆಯಲ್ಲ. ಅರ್ಧ ಬಸ್ ಓಡಿಸೋಕೆ ಬರಲ್ಲ.

ಅಂತರ ಕಾಯೋಕೆ ಇನ್ನೂ ಹೆಚ್ಚು ಬಸ್ ಬೇಕಾದವು. 2020ರ ಶರತ್ಕಾಲದಲ್ಲಿ ರಾಜ್ಯ ಸಾರಿಗೆಯ ಸಾವಿರ ಎಸ್‌ಟಿ ಬಸ್ಸುಗಳನ್ನ ಮುಂಬೈಗೆ ತರಿಸಿದರು. ಹಳ್ಳಿ ರಸ್ತೆಯಲ್ಲಿ ಓಡಿಸಿದ ಚಾಲಕರು ಮುಂಬೈ ಸಿಗ್ನಲ್‌ಗಳಲ್ಲಿ ದಾರಿ ಕೇಳಿಕೊಂಡು ಓಡಿಸಿದರು. ಇನ್ನೊಂದು ಕಡೆ ಐದು-ಹತ್ತು ರೂಪಾಯಿ ಟಿಕೆಟ್ಟಿನ ನಾಣ್ಯಗಳು ಡಿಪೋಗಳಲ್ಲಿ ರಾಶಿ ಬಿದ್ದು, ನೌಕರರ ಸಂಬಳದ ಒಂದು ಭಾಗವನ್ನ ಚಿಲ್ಲರೆಯಲ್ಲೇ ಕೊಟ್ಟ ಸುದ್ದಿ ಪತ್ರಿಕೆಗಳಲ್ಲಿ ಬಂತು. ನಾವೆಲ್ಲ ಯುಪಿಐಗೆ ತಿರುಗಿದ ವರ್ಷದಲ್ಲಿ ಬಸ್ ಹತ್ತುತ್ತಿದ್ದೋರು ಯಾರು ಅನ್ನೋದು ಆ ನಾಣ್ಯದ ರಾಶಿ ನೋಡಿದರೇ ಗೊತ್ತಾಗುತ್ತೆ.

ಬೇರೆ ಊರುಗಳ ಕಥೆ

ಬೇರೆ ಊರಲ್ಲಿರೋರು ನಮ್ಮ ಕಥೆ ಹೇಳಿಲ್ಲ ಅಂತ ಬೈಬೇಡಿ, ಬರ್ತಿದ್ದೀನಿ.

ಹೈದರಾಬಾದಿನಲ್ಲಿ 2019ರ ಕೊನೆಗೆ ಆರ್‌ಟಿಸಿ ನೌಕರರ 52 ದಿನದ ಮುಷ್ಕರ ಆಗಿತ್ತು. ಅದರ ಗಾಯ ಆರೋ ಮೊದಲೇ ಕೊರೊನಾ ಬಂತು. ಸಿಟಿ ಬಸ್ಸು ಮಾರ್ಚ್ 22ಕ್ಕೆ ನಿಂತದ್ದು ಮತ್ತೆ ಹೊರಟದ್ದು ಸೆಪ್ಟೆಂಬರ್ 25ಕ್ಕೆ, ಅದೂ ಕಾಲುಭಾಗ ಮಾತ್ರ. ಆರು ತಿಂಗಳು! ಪುಣೆ ಮತ್ತು ಚೆನ್ನೈಯಲ್ಲಿ ಸೆಪ್ಟೆಂಬರ್ ಮೊದಲ ವಾರ. ದೆಹಲಿ ಮೆಟ್ರೋ 169 ದಿನ ಮುಚ್ಚಿತ್ತು. ಬೆಂಗಳೂರಿನಲ್ಲಿ ಬಿಎಂಟಿಸಿ ಮೇ 19ಕ್ಕೇ ಶುರುವಾಯ್ತು. ಕಂಡಕ್ಟರ್ ದುಡ್ಡು ಮುಟ್ಟಬಾರದು ಅಂತ ಮೊದಲು ಪಾಸು ಮಾತ್ರ: ದಿನಕ್ಕೆ 70 ರೂಪಾಯಿ, ವಾರಕ್ಕೆ 300. ಎರಡು ಸ್ಟಾಪ್ ಹೋಗೋ ಕೂಲಿಯವರಿಗೆ 70 ರೂಪಾಯಿ ಎಲ್ಲಿಂದ ಬರಬೇಕು? ಕೆಲವೇ ದಿನದಲ್ಲಿ ಟಿಕೆಟ್ ಮತ್ತೆ ಬಂತು.

ಬಿಎಂಟಿಸಿಯ ಇನ್ನೊಂದು ಪೆಟ್ಟಿನಲ್ಲಿ ನಮ್ಮ ಪಾಲೂ ಇದೆ. ಐಟಿಪಿಎಲ್, ಎಲೆಕ್ಟ್ರಾನಿಕ್ ಸಿಟಿ ಕಡೆ ಓಡ್ತಿದ್ದ ಎಸಿ ವೋಲ್ವೋಗಳಲ್ಲಿ ಕೂರ್ತಿದ್ದದ್ದು ಐಟಿಯವರು. ನಾವು ಮನೆಯಲ್ಲಿ ಕೂತ ದಿನವೇ ಆ ಸೀಟುಗಳು ಖಾಲಿಯಾದವು. ನಾಲ್ಕು ಸಾರಿಗೆ ನಿಗಮಗಳ ಸಂಬಳಕ್ಕೆ ಸರ್ಕಾರದ ಬೊಕ್ಕಸವೇ ಬೇಕಾಯ್ತು. 2020ರ ಡಿಸೆಂಬರಿನಲ್ಲಿ ನಾಲ್ಕು ದಿನ, 2021ರ ಏಪ್ರಿಲಿನಲ್ಲಿ ಎರಡು ವಾರ ನೌಕರರು ಮುಷ್ಕರ ಮಾಡಿದರು. ಸೋಂಕಿನ ನಡುವೆ ಬಸ್ ಓಡಿಸಿದೋರು ಸಂಬಳಕ್ಕಾಗಿ ಬೀದಿಗೆ ಇಳಿದರು, ಕೆಲಸ ಕಳೆದುಕೊಂಡೋರೂ ಇದ್ದರು. ಮನೆಯಲ್ಲೇ ಕೂತಿದ್ದ ನಮಗೆ ಆ ಮುಷ್ಕರದ ಬಿಸಿ ತಟ್ಟಲೂ ಇಲ್ಲ.

ಹೊರದೇಶದ ಒಂದೆರಡು ಉದಾಹರಣೆ ಹೇಳಿ ಮುಂದೆ ಹೋಗ್ತೀನಿ. ಅಮೆರಿಕದ ಸಂಸತ್ತು 2020ರ ಮಾರ್ಚ್‌ನಲ್ಲೇ ನಗರ ಸಾರಿಗೆಗೆ 25 ಬಿಲಿಯನ್ ಡಾಲರ್ ಎತ್ತಿಟ್ಟಿತು. ಲಂಡನ್ನಿನ ಸಾರಿಗೆ ಸಂಸ್ಥೆಗೆ ಮೇ ತಿಂಗಳಲ್ಲಿ 1.6 ಬಿಲಿಯನ್ ಪೌಂಡಿನ ನೆರವು ಬಂತು, ಜೊತೆಗೆ ದರ ಏರಿಸಿ ಅನ್ನೋ ಷರತ್ತೂ ಬಂತು. ಟಿಕೆಟ್ ದುಡ್ಡನ್ನೇ ಬಹುವಾಗಿ ನಂಬಿದ್ದ ಲಂಡನ್ನಿಗೂ ಖಾಲಿ ಸೀಟಿನ ಪ್ರಶ್ನೆ ತಪ್ಪಲಿಲ್ಲ.

ಆಮೇಲೆ ಏನಾಯ್ತು

ಕೊರೊನಾ ಮುಗಿದ ಮೇಲೆ ನಮ್ಮ ನಗರಗಳು ಎರಡು ದಾರಿ ಹಿಡಿದವು.

ಒಂದು, ಟಿಕೆಟ್ಟಿನ ಬದಲು ಬೊಕ್ಕಸದಿಂದ ದುಡ್ಡು. ದೆಹಲಿ 2019ರ ಅಕ್ಟೋಬರಿನಲ್ಲೇ ಹೆಂಗಸರಿಗೆ ಉಚಿತ ಬಸ್ ಕೊಟ್ಟಿತ್ತು. ತಮಿಳುನಾಡು 2021ರ ಮೇ ತಿಂಗಳಲ್ಲಿ, ಎರಡನೇ ಅಲೆಯ ನಡುವೆಯೇ, ಸಾಮಾನ್ಯ ಬಸ್ಸುಗಳಲ್ಲಿ ಕೊಟ್ಟಿತು. ನಮ್ಮ ಕರ್ನಾಟಕದ ಶಕ್ತಿ ಯೋಜನೆ 2023ರ ಜೂನ್ 11ಕ್ಕೆ ಬಂತು. ಇದರ ರಾಜಕೀಯದ ಬಗ್ಗೆ ನೀವು ಏನೇ ಅಂದುಕೊಳ್ಳಿ, ಲೆಕ್ಕದ ಕಡೆಯಿಂದ ನೋಡಿದ್ರೆ ಇದು ಹಳೇ ಪ್ರಶ್ನೆಗೆ ಒಂದು ಉತ್ತರ. ಸರ್ಕಾರ ಆ ದುಡ್ಡನ್ನ ಹೊತ್ತಿಗೆ ಸರಿಯಾಗಿ ಸಂಸ್ಥೆಗೆ ಕೊಡಬೇಕು, ಅಷ್ಟೇ.

ಇನ್ನೊಂದು ಮುಂಬೈ ದಾರಿ. 2019ರಲ್ಲಿ ಬೆಸ್ಟ್ ಹತ್ತಿರ ಮೂರು ಸಾವಿರಕ್ಕೂ ಹೆಚ್ಚು ಸ್ವಂತ ಬಸ್ಸಿದ್ದವು. ಹಳೇ ಬಸ್ ಗುಜರಿಗೆ ಹೋಗ್ತಾ ಹೋದವು, ಹೊಸ ಸ್ವಂತ ಬಸ್ ಬರಲಿಲ್ಲ. ಇವತ್ತು ಸಾವಿರಕ್ಕಿಂತ ಕಡಿಮೆ, ಉಳಿದದ್ದೆಲ್ಲ ಗುತ್ತಿಗೆ. ಗುತ್ತಿಗೆ ಹಿಡಿದ ಕಂಪನಿಗಳಲ್ಲಿ ಕೆಲವು ನಷ್ಟ ಅಂತ ನಡುವೆಯೇ ಕೈಬಿಟ್ಟವು. 2023ರ ಆಗಸ್ಟಿನಲ್ಲಿ ಗುತ್ತಿಗೆ ಚಾಲಕರು ಮುಷ್ಕರ ಮಾಡಿದರು. ಅದೇ ವರ್ಷದ ಸೆಪ್ಟೆಂಬರ್ 15ಕ್ಕೆ ಹಳೇ ಕೆಂಪು ಡಬಲ್ ಡೆಕರ್ ಕೊನೇ ಸಲ ಓಡಿತು, ಜನ ಹೂವಿನ ಹಾರ ಹಾಕಿ ಫೋಟೋ ತೆಗೆಸಿಕೊಂಡರು. 2025ರಲ್ಲಿ ದರ ದುಪ್ಪಟ್ಟಾಯ್ತು: ಐದಿದ್ದದ್ದು ಹತ್ತು, ಆರಿದ್ದದ್ದು ಹನ್ನೆರಡು. ಜಾರಿಗೆ ಬಂದ ತಾರೀಖು ಮೇ 9. ಕುದುರೆ ಟ್ರಾಮು ಮೊದಲು ಓಡಿದ ದಿನವೇ.

ಗುತ್ತಿಗೆ ಅಂದ ಕೂಡಲೇ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ಹೊಸ ಎಸಿ ಎಲೆಕ್ಟ್ರಿಕ್ ಬಸ್ಸಿನಲ್ಲಿ ಕೂತರೆ ಹಾಯಾಗೇ ಇರುತ್ತೆ. ನನ್ನ ಚಿಂತೆ ಬೇರೆ. 2020ರಲ್ಲಿ ಬೆಸ್ಟ್ ತನ್ನ ಬಸ್ಸಿಗೆ, ತನ್ನ ನೌಕರನಿಗೆ "ನಾಳೆ ವಿರಾರಿಗೆ ಹೋಗು" ಅನ್ನಬಹುದಿತ್ತು. ಲಾಭ ಇದೆಯಾ ಅಂತ ಕೇಳದೆ ಕಾಕಾ ಹೋದರು. ಕಿಲೋಮೀಟರಿಗೆ ಇಷ್ಟು ಅಂತ ದುಡ್ಡು ಪಡೆಯೋ ಕಂಪನಿ, ಬಸ್ ಓಡಿಸಿ ನಷ್ಟ ಅಂತ ಮಾಮೂಲಿ ದಿನದಲ್ಲೇ ಬಿಟ್ಟು ಹೋದ ಕಂಪನಿ, ಮುಂದಿನ ಸಾಂಕ್ರಾಮಿಕದಲ್ಲಿ ಹೋಗುತ್ತಾ? ಆ ಒಪ್ಪಂದದಲ್ಲಿ ಅದನ್ನ ಬರೆದಿಡಬೇಕು. ಅದರ ದುಡ್ಡನ್ನೂ ಈಗಲೇ ಎತ್ತಿಡಬೇಕು. ಪ್ಲೇಗಿನ ನಂತರ ಈ ಊರು ಟ್ರಸ್ಟ್ ಮಾಡಿತು, ರಸ್ತೆ ಮಾಡಿತು, ಹತ್ತು ವರ್ಷದಲ್ಲಿ ವಿದ್ಯುತ್ ಟ್ರಾಮು ಓಡಿತು. ಆ ಟ್ರಸ್ಟ್ ಬಡವರ ಮನೆ ಒಡೆದ ಪಾಪವನ್ನೂ ಹೊತ್ತಿದೆ, ಅದು ಬೇರೆ ದಿನದ ಮಾತು. ಆದ್ರೆ ರೋಗ ಬಂದು ಹೋದ ಮೇಲೆ ಏನಾದ್ರೂ ಕಟ್ಟಬೇಕು ಅಂತ ಆಗಿನೋರಿಗೆ ಅನಿಸಿತ್ತು. ನಾವು ಕೊರೊನಾ ನಂತರ ಬಸ್ಸಿಗೆ ಏನು ಕಟ್ಟಿದ್ವಿ?

ಕಾಕಾ ಈಗ ನಿವೃತ್ತರಾಗಿ ಊರಿಗೆ ಹೋಗಿದ್ದಾರೆ. ದರ ದುಪ್ಪಟ್ಟಾದ ದಿನ ಫೋನ್ ಮಾಡಿದ್ದೆ. "ಹತ್ತ ರೂಪಾಯಿ ಆತೇನ್ರಿ? ಆಗಲಿ. ಆದ್ರ ಗಾಡಿ ಹೊತ್ತಿಗೆ ಸರಿಯಾಗಿ ಬರ್ತೈತೇನು ಕೇಳ್ರಿ ಮೊದಲ" ಅಂದ್ರು. ಸ್ಟಾಪಿನಲ್ಲಿ ನಿಂತಿದ್ದೆ. ಆ್ಯಪ್ ನಾಲ್ಕು ನಿಮಿಷ ಅಂತಿತ್ತು. ಇಪ್ಪತ್ತು ನಿಮಿಷ ಆಗಿತ್ತು. ಪಕ್ಕದಲ್ಲಿ ಮೌಶಿಯ ವಯಸ್ಸಿನ ಒಬ್ಬರು ರಸ್ತೆ ಕಡೆ ಕತ್ತು ಚಾಚಿ ನೋಡ್ತಿದ್ದರು. ನನಗಾದ್ರೆ ಕ್ಯಾಬ್ ಬುಕ್ ಮಾಡೋ ಅವಕಾಶ ಇತ್ತು.

ನಿಮ್ಮ ಊರಲ್ಲಿ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿ ಎಲ್ಲೇ ಇರಿ, ಲಾಕ್‌ಡೌನಿನಲ್ಲಿ ಬಸ್ ಓಡಿಸಿದ ಯಾರಾದ್ರೂ ನಿಮಗೆ ಗೊತ್ತಿದ್ರೆ ಅವರ ಅನುಭವ ಕೇಳಿ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಓದೋಣ. ಬರ್ಲಾ? ನಮಸ್ಕಾರ.